ಮ್ಯಾಟ್ರಿಕ್ಸ್ ಗುಣಾಕಾರವನ್ನು ಥ್ರೆಡ್‌ಗಳಿಗೆ ಹಂಚುವುದು: ಯಾವ ಹಂಚಿಕೆ, ಯಾವ ಭಾಷೆ?

ನನ್ನ ಅಣ್ಣನ ಮಗ ಇಂಜಿನಿಯರಿಂಗ್ ಕೊನೆ ವರ್ಷದಲ್ಲಿದ್ದಾನೆ. ಜುಲೈ ತಿಂಗಳ ಒಂದು ಸಂಜೆ ಗೋಣಿಕೊಪ್ಪದ ನಮ್ಮ ಮನೆಗೆ ಬಂದಿದ್ದ. ಮಳೆಗೆ ಕರೆಂಟ್ ಹೋಗಿತ್ತು. ಬ್ಯಾಟರಿಯಲ್ಲಿ ಓಡುತ್ತಿದ್ದ ಲ್ಯಾಪ್‌ಟಾಪನ್ನು ನನ್ನ ಮುಂದೆ ಇಟ್ಟು ಕೇಳಿದ: "ಚಿಕ್ಕಪ್ಪ, ಒಂದೇ ಥ್ರೆಡ್ಡಲ್ಲಿ ಓಡಿಸಿದ್ರೆ ಬೇಗ ಮುಗಿಯುತ್ತೆ. ನಾಲ್ಕು ಥ್ರೆಡ್ ಹಾಕಿದ್ರೆ ಇನ್ನೂ ನಿಧಾನ ಆಗ್ತಿದೆ. ಬೇರೆ ಭಾಷೆಯಲ್ಲಿ ಬರೀಲಾ?"

ಥ್ರೆಡ್ ಅಂದರೆ ಒಂದೇ ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ನಡೆಯಬಲ್ಲ ಕೆಲಸದ ಎಳೆ. ಅವನು ಮ್ಯಾಟ್ರಿಕ್ಸ್ ಗುಣಾಕಾರವನ್ನು ಪೈಥಾನ್‌ನಲ್ಲಿ ಬರೆದಿದ್ದ. ಹಾಗಾಗಿ ಭಾಷೆ ಬದಲಾಯಿಸಬೇಕು ಅನ್ನೋದು ಸರಿಯೇ ಇತ್ತು, ಯಾಕೆ ಅಂತ ಮುಂದೆ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ನೋಡಬೇಕಾದ ಎರಡು ವಿಷಯ ಇವೆ. ಕೆಲಸವನ್ನು ಹೇಗೆ ಹಂಚುತ್ತೀರಿ ಅನ್ನೋದು ಒಂದು. ಪ್ರತಿ ಥ್ರೆಡ್ಡೂ ಮೆಮೊರಿಯಲ್ಲಿ ಯಾವ ದಿಕ್ಕಿಗೆ ನಡೆಯುತ್ತದೆ ಅನ್ನೋದು ಇನ್ನೊಂದು. ಇವೆರಡು ತಪ್ಪಿದರೆ ಯಾವ ಭಾಷೆಗೆ ಹೋದರೂ ಸಿಗಬೇಕಾದ ವೇಗ ಸಿಗುವುದಿಲ್ಲ. ಅದಕ್ಕೇ ಈ ಹೋಲಿಕೆಯನ್ನು ಭಾಷೆಯಿಂದ ಶುರು ಮಾಡುತ್ತಿಲ್ಲ.

ಲೆಕ್ಕ ಏನು ಅಂತ ಮೊದಲು

ಕಾಫಿ ಲೆಕ್ಕದಲ್ಲೇ ಹೇಳುತ್ತೇನೆ, ಅದು ನಮಗೆಲ್ಲ ಗೊತ್ತಿರುವುದು. ಮಾರಾಟಕ್ಕೆ ನಾಲ್ಕು ತರದ ಕಾಫಿ ಇದೆ: ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ. ಮೊದಲ ಮ್ಯಾಟ್ರಿಕ್ಸ್‌ನಲ್ಲಿ ಒಂದೊಂದು ಅಡ್ಡಸಾಲೂ ಒಂದೊಂದು ತೋಟ, ಒಂದೊಂದು ಕಂಬಸಾಲೂ ಒಂದೊಂದು ತರದ ಕಾಫಿ. ಒಳಗೆ ಬರೆದಿರುವುದು 50 ಕೆಜಿ ಚೀಲಗಳ ಎಣಿಕೆ. ಎರಡನೇ ಮ್ಯಾಟ್ರಿಕ್ಸ್‌ನಲ್ಲಿ ಅಡ್ಡಸಾಲು ಕಾಫಿಯ ತರ, ಕಂಬಸಾಲು ವ್ಯಾಪಾರಿ. ಒಳಗಿರುವುದು ಚೀಲಕ್ಕೆ ಅವರು ಕೊಡುವ ರೇಟು. ಎರಡನ್ನೂ ಗುಣಿಸಿದರೆ ಯಾವ ತೋಟದ ಫಸಲಿಗೆ ಯಾವ ವ್ಯಾಪಾರಿ ಹತ್ತಿರ ಒಟ್ಟು ಎಷ್ಟು ಬರುತ್ತದೆ ಅಂತ ಗೊತ್ತಾಗುತ್ತದೆ.

ಒಂದು ತೋಟದಲ್ಲಿ 10 ಚೀಲ ಅರೇಬಿಕಾ ಪಾರ್ಚ್‌ಮೆಂಟ್, 20 ಚೀಲ ರೊಬಸ್ಟಾ ಚೆರಿ ಇದೆ ಅಂದುಕೊಳ್ಳಿ. ಲೆಕ್ಕ ಸುಲಭ ಆಗಲಿ ಅಂತ ರೇಟು 20,000 ಮತ್ತು 10,000 ರೂಪಾಯಿ ಇಟ್ಟುಕೊಳ್ಳೋಣ. ಹತ್ತು ಚೀಲಕ್ಕೆ 2 ಲಕ್ಷ, ಇಪ್ಪತ್ತು ಚೀಲಕ್ಕೆ 2 ಲಕ್ಷ, ಒಟ್ಟು 4 ಲಕ್ಷ. ಉತ್ತರದ ಮ್ಯಾಟ್ರಿಕ್ಸ್‌ನಲ್ಲಿ ಇದು ಒಂದೇ ಒಂದು ಮನೆ (ಚೌಕ). ಪಕ್ಕದ ಮನೆ ತುಂಬಲು ಈ 4 ಲಕ್ಷ ಬೇಕಾಗಿಲ್ಲ. ಪ್ರತಿ ಮನೆಯ ಲೆಕ್ಕವೂ ಸ್ವತಂತ್ರ. ಒಬ್ಬರು ಮುಗಿಸಲಿ ಅಂತ ಇನ್ನೊಬ್ಬರು ಕಾಯಬೇಕಾಗಿಲ್ಲ. ಥ್ರೆಡ್‌ಗಳಿಗೆ ಹಂಚಲು ಇಷ್ಟು ಹೊಂದುವ ಲೆಕ್ಕ ಕಡಿಮೆ.

ಗಾತ್ರದ ಅಂದಾಜೂ ಇರಲಿ. 1000 × 1000ದ ಎರಡು ಮ್ಯಾಟ್ರಿಕ್ಸ್ ಗುಣಿಸಿದರೆ ಉತ್ತರದಲ್ಲಿ 10 ಲಕ್ಷ ಮನೆ. ಪ್ರತಿ ಮನೆಗೂ 1000 ಗುಣಾಕಾರ. ಒಟ್ಟು 100 ಕೋಟಿ ಗುಣಾಕಾರ, ಹೆಚ್ಚುಕಡಿಮೆ ಅಷ್ಟೇ ಸಂಕಲನ. ಅಳತೆ ಎರಡರಷ್ಟು ಮಾಡಿ 2000ಕ್ಕೆ ಹೋದರೆ ಕೆಲಸ ಎಂಟರಷ್ಟು ಆಗುತ್ತದೆ. 50 × 50ರ ಮ್ಯಾಟ್ರಿಕ್ಸ್‌ಗೆ ಥ್ರೆಡ್ ಬೇಡವೇ ಬೇಡ. ಥ್ರೆಡ್ ಹುಟ್ಟಿಸುವ ಹೊತ್ತಿಗೆ ಲೆಕ್ಕವೇ ಮುಗಿದಿರುತ್ತದೆ.

ಹಂಚುವ ದಾರಿಗಳು

ಹೊಸಬರಿಗೆ ಮೊದಲು ಹೊಳೆಯುವುದು ಒಂದು ಮನೆಗೆ ಒಂದು ಥ್ರೆಡ್. ಇದನ್ನು ಮಾಡಬೇಡಿ. 10 ಲಕ್ಷ ಮನೆಗೆ 10 ಲಕ್ಷ ಥ್ರೆಡ್ ಬೇಕಾಗುತ್ತದೆ. ಆಪರೇಟಿಂಗ್ ಸಿಸ್ಟಂ ಪ್ರತಿ ಥ್ರೆಡ್‌ಗೂ ತನ್ನದೇ ಸ್ಟ್ಯಾಕ್ (ಕೆಲಸದ ನಡುವಿನ ಲೆಕ್ಕ ಇಟ್ಟುಕೊಳ್ಳುವ ಮೆಮೊರಿ) ಕೊಡಬೇಕು, ಸರದಿಗೆ ಹಾಕಬೇಕು, ಬದಲಾಯಿಸುತ್ತಾ ಇರಬೇಕು. ಸಿಕ್ಕುವ ಕೆಲಸ ಬರೀ 1000 ಗುಣಾಕಾರ. ಒಂದೊಂದು ಗಿಡಕ್ಕೂ ಒಬ್ಬೊಬ್ಬರನ್ನು ಕರೆದು, ಹೆಸರು ಬರೆದು, ಕುಯ್ಯಿಸಿ ಕಳಿಸಿದ ಹಾಗೆ. ಕೆಲಸಕ್ಕಿಂತ ಹಾಜರಾತಿಯೇ ಜಾಸ್ತಿ.

ಅಡ್ಡಸಾಲುಗಳನ್ನು ಪಾಲು ಮಾಡುವುದು ಒಳ್ಳೆಯ ದಾರಿ. ಪ್ರೊಸೆಸರ್ ಒಳಗೆ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ) ಇದ್ದರೆ ನಾಲ್ಕು ಥ್ರೆಡ್. ಮೊದಲ 250 ಸಾಲು ಒಂದಕ್ಕೆ, ಮುಂದಿನ 250 ಇನ್ನೊಂದಕ್ಕೆ, ಹೀಗೆ. ಪ್ರತಿ ಥ್ರೆಡ್ಡೂ ಉತ್ತರದಲ್ಲಿ ತನ್ನ ಸಾಲುಗಳಿಗೆ ಮಾತ್ರ ಬರೆಯುತ್ತದೆ. ಉಳಿದೆರಡು ಮ್ಯಾಟ್ರಿಕ್ಸ್‌ಗಳನ್ನು ಎಲ್ಲರೂ ಬರೀ ಓದುತ್ತಾರೆ. ಓದುವುದಕ್ಕೆ ಲಾಕ್ (ಒಬ್ಬರು ಬಳಸುವಾಗ ಉಳಿದವರನ್ನು ತಡೆಯುವ ಬೀಗ) ಬೇಡ. ಬರೆಯುವ ಜಾಗ ಬೇರೆ ಬೇರೆ ಆದ್ದರಿಂದ ಅಲ್ಲೂ ಬೇಡ. ಕಾಲೇಜಿನ ಅಸೈನ್‌ಮೆಂಟ್‌ಗಾಗಲಿ, ಸಾಮಾನ್ಯ ಬಳಕೆಗಾಗಲಿ ನಾನು ಹೇಳುವುದು ಇದನ್ನೇ.

ಇನ್ನೊಂದು ಹಂಚಿಕೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದರಲ್ಲಿ ನಾನೇ ಒಂದು ಇಡೀ ಸಂಜೆ ಕಳೆದಿದ್ದೇನೆ. ಒಂದೇ ಮನೆಯ 1000 ಗುಣಾಕಾರಗಳನ್ನು ನಾಲ್ಕು ಥ್ರೆಡ್‌ಗೆ ಹಂಚಿ, ಎಲ್ಲವೂ ಅದೇ ಮನೆಗೆ ಕೂಡಿಸಲಿ ಅಂತ ಬರೆದಿದ್ದೆ. ಪ್ರತಿ ಸಲ ಓಡಿಸಿದಾಗಲೂ ಉತ್ತರ ಬೇರೆ ಬರುತ್ತಿತ್ತು. ಒಮ್ಮೊಮ್ಮೆ ಸರಿಯಾಗಿಯೂ ಬರುತ್ತಿತ್ತು, ಅದು ಇನ್ನೂ ಕಷ್ಟ. ಆಗುತ್ತಿದ್ದುದು ಇಷ್ಟು. ಸಂಜೆ ಕಾಫಿ ತೂಗುವಾಗ ಇಬ್ಬರು ರೈಟರ್‌ಗಳು (ತೋಟದ ಲೆಕ್ಕ ಬರೆಯುವವರು) ಒಂದೇ ಪುಸ್ತಕದ ಒಂದೇ ಸಾಲಿನಲ್ಲಿ ಒಟ್ಟು ಬರೆಯುತ್ತಿದ್ದಾರೆ ಅಂದುಕೊಳ್ಳಿ. ಅಲ್ಲಿ 400 ಕೆಜಿ ಅಂತ ಇದೆ. ಇಬ್ಬರೂ ಒಟ್ಟಿಗೆ 400 ನೋಡುತ್ತಾರೆ. ಒಬ್ಬರ ತಕ್ಕಡಿಯಲ್ಲಿ 50, ಇನ್ನೊಬ್ಬರದ್ದರಲ್ಲಿ 60. ಒಬ್ಬರು 450 ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಹೊಡೆದು 460 ಬರೆಯುತ್ತಾರೆ. ಇರಬೇಕಾದದ್ದು 510. 50 ಕೆಜಿ ಕಾಫಿ ಪುಸ್ತಕದಿಂದ ಮಾಯ. ಇದನ್ನೇ ರೇಸ್ ಕಂಡಿಷನ್ ಅನ್ನುತ್ತಾರೆ.

ಲಾಕ್ ಹಾಕಿದರೆ ಉತ್ತರ ಸರಿಹೋಗುತ್ತದೆ, ಆದರೆ ಎಲ್ಲರೂ ಪುಸ್ತಕಕ್ಕಾಗಿ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರತಿ ಥ್ರೆಡ್ಡೂ ತನ್ನದೇ ಚೀಟಿಯಲ್ಲಿ ಕೂಡಿಸಿಕೊಂಡು ಕೊನೆಗೆ ಒಂದೇ ಸಲ ಸೇರಿಸುವುದು ಇದಕ್ಕಿಂತ ವಾಸಿ. ಆದರೂ ಮ್ಯಾಟ್ರಿಕ್ಸ್ ಚೌಕವಾಗಿ, ದೊಡ್ಡದಾಗಿ ಇದ್ದರೆ ಈ ದಾರಿಗೆ ಹೋಗುವ ಅಗತ್ಯವೇ ಇಲ್ಲ, ಸಾಲು ಹಂಚಿದರೆ ಸಾಕು. ಉತ್ತರ ತೀರಾ ಚಿಕ್ಕದಿದ್ದು ಮಧ್ಯದ ಅಳತೆ ತುಂಬಾ ಉದ್ದ ಇದ್ದಾಗ ಮಾತ್ರ ಇದರ ಬಗ್ಗೆ ಯೋಚಿಸಿ. 4 × 10 ಲಕ್ಷದ ಮ್ಯಾಟ್ರಿಕ್ಸನ್ನು 10 ಲಕ್ಷ × 4ರ ಜೊತೆ ಗುಣಿಸುವಂಥ ಲೆಕ್ಕ ಅದು.

ಕೊನೆಯದು ತುಂಡು ಹಂಚಿಕೆ. ಮ್ಯಾಟ್ರಿಕ್ಸನ್ನು 64 × 64ರ ಚೌಕ ತುಂಡುಗಳಾಗಿ ಮಾಡಿ, ತುಂಡು ತುಂಡಾಗಿ ಗುಣಿಸುವುದು. ಎಂಟು ಬೈಟ್‌ನ ಸಂಖ್ಯೆಗಳಾದರೆ ಇಂಥ ಒಂದು ತುಂಡಿಗೆ 32 ಕಿಲೋಬೈಟ್ ಸಾಕು, ಅದು ಪ್ರೊಸೆಸರ್‌ನ ಹತ್ತಿರದ ಕ್ಯಾಶ್‌ಗಳಲ್ಲಿ (ಚಿಕ್ಕ, ವೇಗದ ಮೆಮೊರಿಗಳಲ್ಲಿ) ಉಳಿದುಕೊಳ್ಳುವಷ್ಟು ಚಿಕ್ಕದು. ತಂದ ಸಂಖ್ಯೆಯನ್ನು ಬಿಡುವ ಮೊದಲು ಮತ್ತೆ ಮತ್ತೆ ಬಳಸಿಕೊಳ್ಳಬಹುದು. ಮ್ಯಾಟ್ರಿಕ್ಸ್ ದೊಡ್ಡದಾದಷ್ಟೂ ಇದರ ಲಾಭ ಜಾಸ್ತಿ. ಬರೆಯುವುದು ಸ್ವಲ್ಪ ತಲೆನೋವು. ಸಾಲು ಹಂಚಿಕೆ ಸರಿಯಾಗಿ ಓಡಿದ ಮೇಲೆ ಇದಕ್ಕೆ ಕೈ ಹಾಕಿ.

ನಡೆಯುವ ದಿಕ್ಕು

ಎಷ್ಟೋ ಜನ ಗಮನಿಸದೇ ಇರುವುದು ಇದನ್ನೇ. ನನಗಂತೂ ಇಡೀ ವಿಷಯದಲ್ಲಿ ಹೆಚ್ಚು ಇಷ್ಟವಾಗುವುದೂ ಇದೇ.

ಸಿ ಭಾಷೆಯಲ್ಲಿ ಮ್ಯಾಟ್ರಿಕ್ಸ್ ಮೆಮೊರಿಯಲ್ಲಿ ಅಡ್ಡಸಾಲು ಅಡ್ಡಸಾಲಾಗಿ ಕೂರುತ್ತದೆ. ಮೊದಲ ಸಾಲು ಪೂರ್ತಿ, ಅದರ ಹಿಂದೆ ಎರಡನೇ ಸಾಲು. ಗುಣಾಕಾರಕ್ಕೆ ಒಂದರೊಳಗೊಂದು ಮೂರು ಲೂಪ್ (ಮತ್ತೆ ಮತ್ತೆ ಓಡುವ ಕೋಡ್) ಬೇಕು: ಐ ಉತ್ತರದ ಅಡ್ಡಸಾಲನ್ನು, ಜೆ ಉತ್ತರದ ಕಂಬಸಾಲನ್ನು, ಕೆ ಒಂದು ಮನೆಗೆ ಕೂಡಿಸುವ ಗುಣಾಕಾರಗಳನ್ನು ಎಣಿಸುತ್ತದೆ. ಪುಸ್ತಕದಲ್ಲಿ ಕಲಿಸುವ ಹಾಗೆ ಐ, ಜೆ, ಕೆ ಕ್ರಮದಲ್ಲಿ ಬರೆದರೆ, ಒಳಗಿನ ಲೂಪು ಎರಡನೇ ಮ್ಯಾಟ್ರಿಕ್ಸ್‌ನ ಕಂಬಸಾಲಿನಲ್ಲಿ ಕೆಳಗೆ ಇಳಿಯುತ್ತದೆ. ಎಂಟು ಬೈಟ್‌ನ ಸಂಖ್ಯೆಗಳಿರುವ 1000ದ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಹೆಜ್ಜೆಗೂ 8000 ಬೈಟ್ ಹಾರಬೇಕು. ಸಾಮಾನ್ಯ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಮೆಮೊರಿಯಿಂದ ಒಂದೊಂದೇ ಸಂಖ್ಯೆ ತರುವುದಿಲ್ಲ, 64 ಬೈಟ್ ಒಟ್ಟಿಗೆ ತರುತ್ತವೆ. ಅದರಲ್ಲಿ ಎಂಟು ಸಂಖ್ಯೆ ಇರುತ್ತವೆ. ಕಂಬಸಾಲಿನಲ್ಲಿ ಇಳಿದರೆ ಆ ಎಂಟರಲ್ಲಿ ಒಂದನ್ನು ಬಳಸಿ ಮುಂದೆ ಹಾರಿದಂತೆ. ಇಳಿಜಾರು ತೋಟದಲ್ಲಿ ಒಂದು ಗಿಡ ಕುಯ್ದು, ಪಕ್ಕದ ಏಳು ಗಿಡ ಹಾಗೇ ಬಿಟ್ಟು, ಕೆಳಗಿನ ಸಾಲಿಗೆ ಇಳಿದು ಮತ್ತೆ ಒಂದೇ ಗಿಡ ಕುಯ್ಯುವವರನ್ನು ನೋಡಿದ್ದೀರಾ? ಯಾರೂ ಹಾಗೆ ಕುಯ್ಯುವುದಿಲ್ಲ ಅಲ್ವಾ.

ಸರಿ ಮಾಡುವುದು ಸುಲಭ. ಒಳಗಿನ ಎರಡು ಲೂಪುಗಳನ್ನು ಅದಲುಬದಲು ಮಾಡಿ: ಐ, ಕೆ, ಜೆ. ಉತ್ತರದ ಸಾಲನ್ನು ಮೊದಲೇ ಸೊನ್ನೆ ಮಾಡಿಟ್ಟುಕೊಳ್ಳಿ. ಈಗ ಒಳಗಿನ ಲೂಪು ಎರಡನೇ ಮ್ಯಾಟ್ರಿಕ್ಸ್‌ನ ಅಡ್ಡಸಾಲಿನಲ್ಲೂ ಉತ್ತರದ ಅಡ್ಡಸಾಲಿನಲ್ಲೂ ನೇರ ನಡೆಯುತ್ತದೆ. ಬರೀ ಎರಡು ಸಾಲು ಕೋಡ್ ಜಾಗ ಬದಲಿಸಿದ್ದಕ್ಕೆ, ಒಂದೇ ಥ್ರೆಡ್‌ನಲ್ಲೂ, ಸಮಯ ಹಲವು ಪಟ್ಟು ಇಳಿಯುವುದನ್ನು ನೀವೇ ನೋಡಬಹುದು. ಇದನ್ನು ಮಾಡದೆ ನಾಲ್ಕು ಥ್ರೆಡ್ ಹಾಕಿದರೆ ನಾಲ್ವರೂ ಕಂಬಸಾಲಿನಲ್ಲಿ ಹಾರುತ್ತಾ ಒಂದೇ ಮೆಮೊರಿಗೆ ಕಾಯುತ್ತಾರೆ. ನೆನಪಿರಲಿ, ಫೋರ್ಟ್ರಾನ್ ಮತ್ತು ಜೂಲಿಯಾದಲ್ಲಿ ಮ್ಯಾಟ್ರಿಕ್ಸ್ ಕಂಬಸಾಲಾಗಿ ಕೂರುತ್ತದೆ. ಅಲ್ಲಿ ಈ ಮಾತು ತಿರುಗುಮುರುಗು.

ಕಂಬಸಾಲುಗಳನ್ನು ಥ್ರೆಡ್‌ಗೆ ಹಂಚುವುದರಲ್ಲೂ ಒಂದು ತೊಂದರೆ ಇದೆ. ಒಂದು ಥ್ರೆಡ್‌ಗೆ ಸಮ ಸಂಖ್ಯೆಯ ಕಂಬಸಾಲು, ಇನ್ನೊಂದಕ್ಕೆ ಬೆಸ ಅಂತ ಕೊಟ್ಟರೆ, ಇಬ್ಬರೂ ಅದೇ 64 ಬೈಟ್ ಒಳಗೆ ಬರೆಯುತ್ತಾರೆ. ಉತ್ತರ ತಪ್ಪುವುದಿಲ್ಲ. ಆದರೆ ಆ 64 ಬೈಟ್‌ನ ತುಂಡು ಒಂದು ಕೋರ್‌ನಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತದೆ. ಇದಕ್ಕೆ ಫಾಲ್ಸ್ ಶೇರಿಂಗ್ ಅನ್ನುತ್ತಾರೆ. ಒಟ್ಟೊಟ್ಟಿಗೆ ಇರುವ ಅಡ್ಡಸಾಲುಗಳನ್ನು ಹಂಚಿದರೆ ಈ ತಲೆನೋವು ಅಂಚಿನಲ್ಲಿ ಮಾತ್ರ.

ಈಗ ಭಾಷೆಗಳು

ಪೈಥಾನ್. ಸಾಮಾನ್ಯ ಪೈಥಾನ್‌ನಲ್ಲಿ ಜಿಐಎಲ್ ಅನ್ನುವ ಒಂದು ಲಾಕ್ ಇದೆ. ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಅದು ಬಿಡುತ್ತದೆ. ನಾಲ್ಕು ಥ್ರೆಡ್ ಹಾಕಿದರೆ ನಾಲ್ಕೂ ಆ ಒಂದು ಲಾಕ್‌ಗಾಗಿ ಸರದಿ ಕಾಯುತ್ತವೆ, ಸರದಿ ಬದಲಿಸುವ ಖರ್ಚು ಬೇರೆ. ನಮ್ಮ ಹುಡುಗನ ಲ್ಯಾಪ್‌ಟಾಪಲ್ಲಿ ಆಗಿದ್ದು ಇದೇ. 2024ರ ಅಕ್ಟೋಬರ್‌ನಲ್ಲಿ ಬಂದ 3.13 ಆವೃತ್ತಿಯಲ್ಲಿ ಜಿಐಎಲ್ ಇಲ್ಲದ ಪೈಥಾನ್ ಪ್ರಯೋಗವಾಗಿ ಸಿಕ್ಕಿತು. ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿಕೊಂಡರೂ ಪೈಥಾನ್‌ನ ಲೂಪ್ ಸ್ವತಃ ನಿಧಾನವೇ. ಥ್ರೆಡ್ ಬದಲು ಬೇರೆ ಬೇರೆ ಪ್ರೋಸೆಸ್ (ತನ್ನದೇ ಮೆಮೊರಿ ಇರುವ ಪ್ರತ್ಯೇಕ ಪ್ರೋಗ್ರಾಂ ಓಟ) ಹುಟ್ಟಿಸಬಹುದು. ಆಗ ಕೋರ್‌ಗಳೆಲ್ಲ ಕೆಲಸ ಮಾಡುತ್ತವೆ, ಆದರೆ ಮ್ಯಾಟ್ರಿಕ್ಸನ್ನು ಪ್ರೋಸೆಸ್‌ನಿಂದ ಪ್ರೋಸೆಸ್‌ಗೆ ನಕಲು ಮಾಡುವ ಹೊರೆ ಬೀಳುತ್ತದೆ.

ಇಷ್ಟೆಲ್ಲ ಹೇಳಿದರೂ ಪೈಥಾನ್‌ನಲ್ಲಿ ಒಂದು ಸೊಗಸಾದ ದಾರಿ ಇದೆ, ನಮ್‌ಪೈ ಅನ್ನುವ ಲೈಬ್ರರಿ (ಬೇರೆಯವರು ಬರೆದಿಟ್ಟ ಕೋಡ್ ಸಂಗ್ರಹ). ಎರಡು ಮ್ಯಾಟ್ರಿಕ್ಸ್ ಹೆಸರುಗಳ ನಡುವೆ ಒಂದು ಅಟ್ ಚಿಹ್ನೆ (@) ಹಾಕಿ, ಮುಗೀತು. ಒಳಗೆ ಅದು ಓಪನ್‌ಬ್ಲಾಸ್‌ನಂಥ ಲೈಬ್ರರಿಗೆ ಕೆಲಸ ಒಪ್ಪಿಸುತ್ತದೆ. ಆ ಲೈಬ್ರರಿ ತುಂಡು ಹಂಚಿಕೆ, ಕ್ಯಾಶ್, ಥ್ರೆಡ್ ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ. ನಾವು ಕೈಯಾರೆ ಬರೆದ ಯಾವ ಕೋಡೂ ಸುಲಭಕ್ಕೆ ಅದರ ಹತ್ತಿರ ಬರುವುದಿಲ್ಲ. ಇದರ ಮೇಲೆ ಮತ್ತೆ ನಿಮ್ಮ ನಾಲ್ಕು ಥ್ರೆಡ್ ಹಾಕಬೇಡಿ. ನಿಮ್ಮ ನಾಲ್ಕು, ಪ್ರತಿಯೊಂದರೊಳಗೆ ಅದರ ನಾಲ್ಕು ಸೇರಿ ನಾಲ್ಕು ಕೋರ್‌ಗೆ ಹದಿನಾರು ಆಗಿಬಿಡಬಹುದು.

ಜಾವಾ. ಇಲ್ಲಿ ಥ್ರೆಡ್‌ಗಳು ನಿಜವಾಗಿಯೂ ಬೇರೆ ಬೇರೆ ಕೋರ್‌ನಲ್ಲಿ ಓಡುತ್ತವೆ. ಥ್ರೆಡ್ ಒಂದೊಂದಾಗಿ ಹುಟ್ಟಿಸುವ ಬದಲು ಎಕ್ಸಿಕ್ಯೂಟರ್ ಸರ್ವಿಸ್‌ನಿಂದ ಕೋರ್‌ಗಳಷ್ಟೇ ಥ್ರೆಡ್ ಇರುವ ಪೂಲ್ (ಸಿದ್ಧವಾಗಿಟ್ಟ ಗುಂಪು) ಮಾಡಿ, ಸಾಲುಗಳನ್ನು ಕೊಡಿ. 2014ರಲ್ಲಿ ಜಾವಾ 8ರ ಜೊತೆ ಬಂದ ಪ್ಯಾರಲಲ್ ಸ್ಟ್ರೀಮ್ ಬಳಸಿದರೆ ಕೋಡ್ ಇನ್ನೂ ಚಿಕ್ಕದಾಗುತ್ತದೆ. ಜಾವಾದಲ್ಲಿ ಎರಡು ಆಯಾಮದ ಅರೇ (ಸಂಖ್ಯೆಗಳ ಪಟ್ಟಿ) ಅಂದರೆ ಅರೇಗಳ ಅರೇ, ಪ್ರತಿ ಸಾಲೂ ಮೆಮೊರಿಯಲ್ಲಿ ಬೇರೆ ಜಾಗದಲ್ಲಿ ಇರಬಹುದು. ಎಲ್ಲ ಸಾಲುಗಳನ್ನೂ ಒಂದೇ ಒಂದು ಉದ್ದನೆಯ ಅರೇಯಲ್ಲಿ ಇಡುವುದು ಒಳ್ಳೆಯದು. ಜಾವಾ ಓಡುತ್ತಾ ಓಡುತ್ತಾ ಕೋಡನ್ನು ವೇಗ ಮಾಡಿಕೊಳ್ಳುತ್ತದೆ, ಹಾಗಾಗಿ ಮೊದಲ ಕೆಲವು ಓಟದ ಸಮಯ ಲೆಕ್ಕಕ್ಕೆ ಹಿಡಿಯಬೇಡಿ. 2023ರ ಜಾವಾ 21ರಲ್ಲಿ ಬಂದ ವರ್ಚುವಲ್ ಥ್ರೆಡ್ ಇದಕ್ಕೆ ಬೇಡ. ಅವು ನೆಟ್‌ವರ್ಕ್, ಡಿಸ್ಕ್‌ಗೆ ಕಾಯುವ ಕೆಲಸಕ್ಕೆ ಮಾಡಿದ್ದು. ಮ್ಯಾಟ್ರಿಕ್ಸ್ ಗುಣಾಕಾರದಲ್ಲಿ ಅಂಥ ಕಾಯುವುದು ಇಲ್ಲವೇ ಇಲ್ಲ, ಬರೀ ಲೆಕ್ಕ.

ಸಿ ಮತ್ತು ಸಿ++. ಕಲಿಯುವವರಿಗೆ ನನ್ನ ಮೊದಲ ಆಯ್ಕೆ ಇದು, ಅದರಲ್ಲೂ ಕೆಲಸವನ್ನು ಥ್ರೆಡ್‌ಗಳಿಗೆ ಹಂಚಿಕೊಡುವ ಓಪನ್‌ಎಂಪಿ ಜೊತೆ. ಹೊರಗಿನ ಲೂಪಿನ ಮೇಲೆ ಒಂದು ಪ್ರಾಗ್ಮಾ ಸಾಲು (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಕೊಡುವ ಸೂಚನೆ) ಬರೆದರೆ ಸಾಕು, ಸಾಲುಗಳ ಹಂಚಿಕೆ ಅದೇ ಮಾಡುತ್ತದೆ. ಓಪನ್‌ಎಂಪಿ ಸಿ ಭಾಷೆಗೆ 1998ರಿಂದ ಇದೆ, ಎಲ್ಲ ದೊಡ್ಡ ಕಂಪೈಲರ್‌ಗಳಿಗೂ ಗೊತ್ತು. ಸುಲಭ ಇದೆ ಅಂತ ಮೈಮರೆಯಬೇಡಿ, ಎರಡು ಕಡೆ ಕಾಲು ಜಾರುತ್ತದೆ. ಕಂಪೈಲ್ ಮಾಡುವಾಗ ಓಪನ್‌ಎಂಪಿ ಆಯ್ಕೆ ಕೊಡುವುದು ಮರೆತರೆ ಆ ಪ್ರಾಗ್ಮಾವನ್ನು ಕಂಪೈಲರ್ ಸುಮ್ನೆ ಬಿಟ್ಟುಬಿಡುತ್ತದೆ. ಉತ್ತರ ಸರಿ ಬರುತ್ತದೆ, ಆದರೆ ಓಡುವುದು ಒಂದೇ ಕೋರ್. ಎಷ್ಟು ಥ್ರೆಡ್ ಓಡುತ್ತಿದೆ ಅಂತ ಪ್ರಿಂಟ್ ಮಾಡಿ ನೋಡಿಕೊಳ್ಳಿ. ಎರಡನೆಯದು ಇನ್ನೂ ಮುಖ್ಯ. ಜೆ, ಕೆ ವೇರಿಯಬಲ್‌ಗಳನ್ನು ಫಂಕ್ಷನ್‌ನ ಮೇಲ್ಗಡೆ ಘೋಷಿಸಿದ್ದರೆ ಅವು ಎಲ್ಲ ಥ್ರೆಡ್‌ಗೂ ಒಂದೇ ಆಗುತ್ತವೆ. ಒಬ್ಬರ ಎಣಿಕೆಯನ್ನು ಇನ್ನೊಬ್ಬರು ಮುಂದೆ ತಳ್ಳುತ್ತಾರೆ, ಉತ್ತರ ಚೆಲ್ಲಾಪಿಲ್ಲಿ. ಹೊರಗಿನ ಲೂಪಿನ ಐ ಮಾತ್ರ ತಾನಾಗಿ ಪ್ರತಿಯೊಬ್ಬರಿಗೂ ಬೇರೆಯಾಗುತ್ತದೆ. ಜೆ, ಕೆಗಳನ್ನು ಲೂಪಿನ ಒಳಗೇ ಘೋಷಿಸಿದರೆ ಈ ತೊಂದರೆ ಇಲ್ಲ.

ಥ್ರೆಡ್ ಹುಟ್ಟಿಸಿ, ಮುಗಿಯುವವರೆಗೆ ಕಾಯುವುದನ್ನು ಕೈಯಾರೆ ಕಲಿಯಬೇಕು ಅಂದರೆ ಸಿಯಲ್ಲಿ ಪಿಥ್ರೆಡ್, ಸಿ++ನಲ್ಲಿ 2011ರಿಂದ ಭಾಷೆಯದ್ದೇ ಥ್ರೆಡ್ ಇದೆ. ಕೋಡ್ ಉದ್ದ ಆಗುತ್ತದೆ, ಕಲಿಕೆ ಗಟ್ಟಿ ಆಗುತ್ತದೆ. ಸಿ++ನಲ್ಲಿ ಜಾಯಿನ್ ಮಾಡುವುದು (ಮುಗಿಯುವವರೆಗೆ ಕಾಯುವುದು) ಮರೆತು ಥ್ರೆಡ್ ವಸ್ತು ನಾಶವಾದರೆ ಇಡೀ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ.

ಗೋ. ಗೋರೂಟೀನ್ (ಗೋ ಭಾಷೆಯದ್ದೇ ಚಿಕ್ಕ ಥ್ರೆಡ್) ಹುಟ್ಟಿಸುವುದು ತುಂಬಾ ಹಗುರ, ಶುರುವಿಗೆ 2 ಕಿಲೋಬೈಟ್ ಸ್ಟ್ಯಾಕ್ ಸಾಕು. ಹಾಗಂತ ಮನೆಗೊಂದು ಹುಟ್ಟಿಸಿದರೆ 10 ಲಕ್ಷಕ್ಕೆ ಸ್ಟ್ಯಾಕೇ 2 ಗಿಗಾಬೈಟ್ ಹತ್ತಿರ ಹೋಗುತ್ತದೆ. ಸಾಲುಗಳ ಗುಂಪಿಗೆ ಒಂದು ಕೊಟ್ಟು ವೇಟ್‌ಗ್ರೂಪ್‌ನಲ್ಲಿ ಕಾಯಿರಿ. ಕೋಡ್ ಓದಲು ಚೆಂದ. ಆದರೆ ಸಿ ಕಂಪೈಲರ್‌ಗಳು ಒಳಗಿನ ಲೂಪನ್ನು ಒಂದೇ ಸಲ ಹಲವು ಸಂಖ್ಯೆ ಗುಣಿಸುವ ಹಾಗೆ ಬದಲಿಸುತ್ತವಲ್ಲ, ಗೋ ಕಂಪೈಲರ್ ಹಾಗೆ ತಾನಾಗಿ ಮಾಡುವುದಿಲ್ಲ. ಬರೀ ವೇಗ ಬೇಕಾದವರಿಗೆ ಇದು ಕೊರತೆಯೇ.

ರಸ್ಟ್. ಮೇಲೆ ಹೇಳಿದೆನಲ್ಲ, ಇಬ್ಬರು ರೈಟರ್‌ಗಳ ಪುಸ್ತಕದ ಕತೆ, ಅಂಥ ಕೋಡನ್ನು ರಸ್ಟ್ ಕಂಪೈಲ್ ಮಾಡಲು ಒಪ್ಪುವುದೇ ಇಲ್ಲ. ಉತ್ತರದ ಅರೇಯನ್ನು ಒಂದಕ್ಕೊಂದು ತಾಗದ ಪಾಲುಗಳಾಗಿ ಸೀಳಿ, ಒಂದೊಂದು ಪಾಲನ್ನು ಒಂದೊಂದು ಥ್ರೆಡ್‌ಗೆ ಕೊಟ್ಟರೆ, ಇಲ್ಲವೇ ಲಾಕ್‌ನಂಥದ್ದು ಹಾಕಿದರೆ ಮಾತ್ರ ಬಿಡುತ್ತದೆ. ರೇಯಾನ್ ಲೈಬ್ರರಿ ಇದ್ದರೆ ಇದು ಕೆಲವೇ ಸಾಲು. ಮೊದಲ ವಾರ ಕಂಪೈಲರ್ ಜೊತೆ ಜಗಳ ಆಗುತ್ತದೆ. ಆ ಒಂದು ಸಂಜೆ ನಾನು ರಸ್ಟ್‌ನಲ್ಲಿ ಬರೆಯುತ್ತಿದ್ದರೆ ತಪ್ಪು ಐದೇ ನಿಮಿಷದಲ್ಲಿ ಕಣ್ಣಿಗೆ ಬೀಳುತ್ತಿತ್ತು.

ಯಾರಿಗೆ ಯಾವುದು

ಉತ್ತರ ಬೇಕು, ವಿಧಾನ ಬೇಡ ಅನ್ನುವವರು ನಮ್‌ಪೈ ತೆಗೆದುಕೊಳ್ಳಿ. ಥ್ರೆಡ್ ಅಂದರೇನು ಅಂತ ಕಲಿಯಬೇಕು, ವೇಗವೂ ಕಾಣಬೇಕು ಅಂದರೆ ಸಿ ಮತ್ತು ಓಪನ್‌ಎಂಪಿ. ಕಾಲೇಜಿನಲ್ಲಿ ಜಾವಾ ಮಾತ್ರ ಒಪ್ಪುತ್ತಾರೆ ಅಂದರೆ ಚಿಂತೆ ಬೇಡ, ಫಿಕ್ಸ್ಡ್ ಪೂಲ್ ಹಾಕಿ ಸಾಲು ಹಂಚಿ, ಐ-ಕೆ-ಜೆ ಕ್ರಮ ಇಡಿ, ಚೆನ್ನಾಗಿಯೇ ಓಡುತ್ತದೆ. ವರ್ಷಗಟ್ಟಲೆ ಉಳಿಯುವ, ಹಲವರು ಕೈ ಹಾಕುವ ಕೋಡ್ ಆದರೆ ರಸ್ಟ್ ಕಲಿಯುವ ಕಷ್ಟ ಸಾರ್ಥಕ. ಸರ್ವರ್ ಮೊದಲೇ ಗೋದಲ್ಲಿ ಇದ್ದು, ಅದರೊಳಗೆ ಒಂದು ಕಡೆ ಗುಣಾಕಾರ ಬೇಕಾದರೆ ಗೋದಲ್ಲೇ ಇರಿ.

ಎಷ್ಟು ಥ್ರೆಡ್? ನಿಜವಾದ ಕೋರ್‌ಗಳಷ್ಟು. ನಾಲ್ಕು ಕೋರ್‌ನ ಯಂತ್ರ ಎಂಟು ಅಂತ ತೋರಿಸಬಹುದು, ಆದರೆ ಒಂದು ಕೋರ್‌ನ ಲೆಕ್ಕದ ಭಾಗವನ್ನು ಇಬ್ಬರು ಹಂಚಿಕೊಳ್ಳುವುದರಿಂದ ವೇಗ ಎರಡರಷ್ಟು ಆಗುವುದಿಲ್ಲ. ನಾಲ್ಕು ಕೋರ್‌ಗೆ ನಾಲ್ಕು ಪಟ್ಟು ಸಿಗುತ್ತದೆ ಅಂತಲೂ ನಂಬಬೇಡಿ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ತೋರಿಸಿದ ಲೆಕ್ಕ ಇದು: ಫೈಲ್ ಓದುವುದು, ಮೆಮೊರಿ ತುಂಬುವುದು ಅಂತ ಹತ್ತರಲ್ಲಿ ಒಂದು ಪಾಲು ಕೆಲಸ ಒಬ್ಬರೇ ಮಾಡಬೇಕಾದದ್ದು ಇದ್ದರೆ, ನಾಲ್ಕು ಕೋರ್‌ಗೆ ಸಿಗುವುದು ಸುಮಾರು 3.1 ಪಟ್ಟು. ಕೋರ್ ಎಷ್ಟೇ ಸೇರಿಸಿದರೂ ಹತ್ತು ಪಟ್ಟು ದಾಟುವುದಿಲ್ಲ.

ಅಳೆಯುವಾಗ

ಸಿಯ ಕ್ಲಾಕ್ ಫಂಕ್ಷನ್ ಲಿನಕ್ಸ್‌ನಲ್ಲಿ ಎಲ್ಲ ಥ್ರೆಡ್‌ಗಳ ಸಮಯವನ್ನೂ ಕೂಡಿಸಿ ಹೇಳುತ್ತದೆ. ನಾಲ್ವರು ಒಂದೊಂದು ಸೆಕೆಂಡ್ ದುಡಿದರೆ ನಾಲ್ಕು ಸೆಕೆಂಡ್ ಅನ್ನುತ್ತದೆ. ಥ್ರೆಡ್‌ನಿಂದ ಲಾಭವೇ ಆಗಿಲ್ಲ ಅಂತ ಕಾಣುತ್ತದೆ. ಗೋಡೆ ಗಡಿಯಾರದ ಸಮಯ ಕೊಡುವ ಫಂಕ್ಷನ್ ಬಳಸಿ, ಓಪನ್‌ಎಂಪಿಯಲ್ಲಿ ಅದಕ್ಕೆ ಅಂತಲೇ ಒಂದು ಇದೆ. ಆಪ್ಟಿಮೈಸೇಷನ್ (ಕೋಡನ್ನು ವೇಗ ಮಾಡುವ) ಆಯ್ಕೆ ಹಾಕದೆ ಕಂಪೈಲ್ ಮಾಡಿದ ಕೋಡನ್ನು ಹೋಲಿಸಬೇಡಿ.

ಉತ್ತರ ಸರಿ ಇದೆಯಾ ಅಂತ ನೋಡಲು ಚಿಕ್ಕ ದಾರಿ: ಒಂದು ಥ್ರೆಡ್‌ನ ಉತ್ತರದ ಜೊತೆ ಹೋಲಿಸಿ. ಲೂಪ್ ಕ್ರಮ ಅದೇ ಇಟ್ಟು ಸಾಲು ಹಂಚಿದ್ದರೆ ಪ್ರತಿ ಮನೆಯಲ್ಲೂ ಕೂಡಿಸುವ ಕ್ರಮ ಒಂದೇ, ಉತ್ತರಗಳೂ ಒಂದೇ ಇರಬೇಕು. ನಮ್‌ಪೈ ಜೊತೆ ಹೋಲಿಸಿದರೆ ಮಾತ್ರ ಕೊನೆಯ ಅಂಕಿಗಳಲ್ಲಿ ಚೂರು ವ್ಯತ್ಯಾಸ ಬರಬಹುದು. ಅದು ಕೂಡಿಸುವ ಕ್ರಮ ಬೇರೆ ಇರುವುದರಿಂದ, ನಿಮ್ಮ ತಪ್ಪಲ್ಲ.

ಇನ್ನೊಂದು ನಮ್ಮ ಊರಿಗೇ ಸೇರಿದ್ದು. ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿಯಲ್ಲಿ ಅಳೆಯಬೇಡಿ. ಬ್ಯಾಟರಿ ಉಳಿಸಲು ಎಷ್ಟೋ ಲ್ಯಾಪ್‌ಟಾಪ್‌ಗಳು ಪ್ರೊಸೆಸರ್ ವೇಗ ಇಳಿಸುತ್ತವೆ. ಬಿಸಿಯಾದಾಗಲೂ ಇಳಿಸುತ್ತವೆ. ಚಾರ್ಜರ್ ಹಾಕಿ, ಐದಾರು ಸಲ ಓಡಿಸಿ, ನಡುವೆ ಸ್ವಲ್ಪ ಹೊತ್ತು ತಣ್ಣಗಾಗಲು ಬಿಡಿ.

ಅವತ್ತು ರಾತ್ರಿ ಒಂಬತ್ತರ ಹೊತ್ತಿಗೆ ಕರೆಂಟ್ ಬಂತು. ಹುಡುಗ ಸಿಯಲ್ಲಿ ಮೂರು ಲೂಪ್ ಬರೆದು, ಒಳಗಿನ ಎರಡನ್ನು ಅದಲುಬದಲು ಮಾಡಿ, ಮೊದಲು ಒಂದೇ ಥ್ರೆಡ್‌ನಲ್ಲಿ ಓಡಿಸಿದ. ಆಮೇಲೆ ಪ್ರಾಗ್ಮಾ ಸೇರಿಸಿದ. ಎರಡು ಸಮಯವನ್ನೂ ನೋಟ್‌ಬುಕ್‌ನಲ್ಲಿ ಪಕ್ಕ ಪಕ್ಕ ಬರೆದುಕೊಂಡು, ಊಟಕ್ಕೆ ಕರೆದರೂ ಏಳಲಿಲ್ಲ. ಈಗ ತುಂಡು ಹಂಚಿಕೆಗೆ ಬಂದಿದ್ದಾನೆ. ತುಂಡಿನ ಅಳತೆ 32 ಇಡಲಾ, 64 ಇಡಲಾ ಅಂತ ನಿನ್ನೆ ಕೇಳಿದ್ದ. ಎರಡನ್ನೂ ಓಡಿಸಿ ನನಗೂ ಸಮಯ ಕಳಿಸು ಅಂದಿದ್ದೇನೆ.